ನಾಟಕದಲ್ಲಿ ಇಲ್ಲದ ಮಾತು

ಆದಾಮ ಹವ್ವರ ನಾಟಕದ ತಾಲೀಮು ಮಾಡಿಸಿ ಮಾಡಿಸಿ ಟೈಲರ್ ಮಾಸ್ತರಿಗೆ ಸಾಕುಸಾಕಾಗಿತ್ತು. ಎಷ್ಟು ಬಡಕೊಂಡರೂ ಪಾತ್ರ ಮಾಡುತ್ತಿದ್ದ ಮೂವರಿಗೂ ಒಂದು ಮಾತೂ ಬಾಯಿಪಾಠ ಆಗಿರಲಿಲ್ಲ. ಅವತ್ತು ಅಂಗಡಿಯ ಇಸ್ತ್ರಿ ಮೇಜಿನ ಮೇಲೆ ಸೇಬು ಇಟ್ಟು, "ಹಣ್ಣಿನ ದೃಶ್ಯಕ್ಕೆ ಬೇಕು, ಯಾರೂ ಮುಟ್ಟಬೇಡಿ" ಅಂತ ಹೇಳಿ ಚಹಾ ಕುಡಿದು ಬರುವಷ್ಟರಲ್ಲಿ ಬೀಜದ ತುಂಡು ಮಾತ್ರ ಉಳಿದಿತ್ತು.

"ಯಾರ್ರೀ ತಿಂದಿದ್ದು?"

ಆದಾಮನ ಪಾತ್ರದ ಎಲೆಕ್ಟ್ರಿಷಿಯನ್ ಹೆಂಡತಿ ಕಡೆ ಕೈ ತೋರಿಸಿದ. "ಇವಳು ಕೊಟ್ಟಳು, ತಿಂದೆ ಮಾಸ್ತರೇ."

ಹವ್ವಳಾಗಿದ್ದ ಅವಳು ಬಾಯಿ ತೆರೆಯುವ ಮೊದಲೇ, ಸರ್ಪವಾಗಿದ್ದ ಅವಳ ತಮ್ಮ ರೇಗಿದ. "ಹಣ್ಣು ಚೆನ್ನಾಗಿದೆ ಅಂದೆ ಅಷ್ಟೇ. ತಿನ್ನು ಅಂದ್ನಾ?"

ಮಾಸ್ತರು ತಲೆ ಚಚ್ಚಿಕೊಂಡರು. "ಅಯ್ಯೋ ನಿಮ್ಮ! ತಿಂಗಳಿಂದ ನಾಲಿಗೆ ಮೇಲೆ ಹೊರಳದ ನಾಟಕದ ಮಾತು ಇವತ್ತು ನೀರು ಕುಡಿದಷ್ಟು ಸಲೀಸಾಗಿ ಬರ್ತಿದೆಯಲ್ರೋ! ನೀನೂ ಹೇಳಮ್ಮಾ, ಸರ್ಪ ಮೋಸ ಮಾಡ್ತು ಅನ್ನು, ದೃಶ್ಯ ಮುಗೀಲಿ."

"ಇಲ್ಲ ಮಾಸ್ತರೇ. ನೀವು ಬೇಡ ಅಂದಿದ್ದು ನೆನಪಿತ್ತು. ನೋಡಿದೆ, ಆಸೆಯಾಯ್ತು, ತಿಂದೆ. ತಪ್ಪು ನಂದೇ."

"ಆ ಮಾತು ನಾಟಕದಲ್ಲಿ ಇಲ್ಲವಲ್ಲಮ್ಮಾ!"

"ಇದ್ದಿದ್ರೆ ಆ ಆದಾಮ ಹವ್ವ ಇಬ್ಬರೂ ಇನ್ನೂ ದೇವರ ತೋಟದಲ್ಲೇ ಇರ್ತಿದ್ರೇನೋ."