ಸ್ಟ್ಯಾಂಡಿಗೆ ಹೊರಟ ತಾತ

ಚನ್ನರಾಯಪಟ್ಟಣದ ಆ ವೃದ್ಧಾಶ್ರಮದಲ್ಲಿ ಸಂಜೆ ಆರಕ್ಕೆ ಕಾಫಿ. ಇರುವ ಹನ್ನೊಂದು ಜನರಲ್ಲಿ ಹತ್ತು ಜನ ಹಜಾರದಲ್ಲಿ ಕೂತು ಕುಡಿಯುತ್ತಾರೆ. ಒಬ್ಬರು ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಎದ್ದು ಬೂಟಿನ ಲೇಸು ಬಿಗಿಯುತ್ತಾರೆ. ಅವರು ಸಾಲಗಾಮೆ ಕಡೆಯ ಚಿಕ್ಕಯ್ಯ. ವಯಸ್ಸು ಎಪ್ಪತ್ತಾರು. ಎಪ್ಪತ್ತೊಂದರ ಯುದ್ಧದಲ್ಲಿ ಇದ್ದವರು ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಮಿಲ್ಟ್ರಿ ತಾತ ಅಂತ ಹೆಸರು. ಅಲ್ಲೇನು ಮಾಡುತ್ತಿದ್ದರು ಅಂತ ಮಾತ್ರ ಯಾರೂ ಕೇಳಿರಲಿಲ್ಲ.

“ಸ್ಟ್ಯಾಂಡ್ ಟೂ,” ಎನ್ನುತ್ತಾ ಅವರು ಗೇಟಿನ ಕಡೆ ಹೊರಟರು.

“ಯಾವ್ ಸ್ಟ್ಯಾಂಡಿಗೂ ಓಗಂಗಿಲ್ಲ ಕಣ್ ತಾತ. ಸಾಲಗಾಮೆ ಬಸ್ಸು ಆಗ್ಲೇ ಓಗ್ಬುಡ್ತು. ಬನ್ನಿ, ಕಾಫಿ ಆರೋಯ್ತದೆ,” ಎಂದು ಆಯಾ ಹೊನ್ನಕ್ಕ ರಟ್ಟೆ ಹಿಡಿದು ಕರೆತಂದಳು. ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೂ ಕುರ್ಚಿಗೂ ಸೇರಿಸಿ ಟವೆಲಿನಿಂದ ಒಂದು ಗಂಟು ಹಾಕಿದಳು. ಐದು ತಿಂಗಳಿಂದ ದಿನವೂ ಇದೇ. ಹೊನ್ನಕ್ಕ ಕಟುಕಿಯಲ್ಲ. ಹೆದ್ದಾರಿಯ ಬಸ್ಸುಗಳ ಹಾರನ್ ಕೇಳುತ್ತಲೇ ಬೆಳೆದ ಅವಳಿಗೆ ಸ್ಟ್ಯಾಂಡು ಅಂದರೆ ಒಂದೇ, ಬಸ್ ಸ್ಟ್ಯಾಂಡು.

ಹೋದ ಮಂಗಳವಾರ ಅವಳ ಕಣ್ಣು ತಪ್ಪಿತು. ಚಿಕ್ಕಯ್ಯ ಗೇಟು ದಾಟಿ ಹೆದ್ದಾರಿಯ ಅಂಚಿಗೆ ಹೋಗಿ ನಿಂತಿದ್ದರು. ಎಳನೀರು ಲಾರಿಯವನು ಬ್ರೇಕ್ ಒತ್ತಿದ ಸದ್ದು ಅಡುಗೆಮನೆಯವರೆಗೂ ಕೇಳಿತು. ಮೇಲ್ವಿಚಾರಕಿ ನೀಲಾಂಬಿಕೆ ಅವತ್ತು ಊಟ ಮಾಡಲಿಲ್ಲ. ಮರುದಿನವೇ ಹಾಸನಕ್ಕೆ ಫೋನ್ ಮಾಡಿದಳು. ಹೆಂಡತಿ ವಿಜಯಮ್ಮ ತೀರಿಕೊಂಡಿದ್ದ, ಮಕ್ಕಳೂ ಇಲ್ಲದ ಚಿಕ್ಕಯ್ಯನವರಿಗೆ ದಿಕ್ಕು ಅಂತ ಇದ್ದವಳು ಅಲ್ಲಿರುವ ತಂಗಿಯ ಮಗಳು ದೀಪಶ್ರೀ ಒಬ್ಬಳೇ. ಓಡಿಹೋಗುವ ವೃದ್ಧರನ್ನು ಹಗಲೂ ರಾತ್ರಿ ಬೀಗ ಹಾಕಿ ನೋಡಿಕೊಳ್ಳುವ ಇನ್ನೊಂದು ಆಶ್ರಮ ದೂರದಲ್ಲಿತ್ತು. ಸೋಮವಾರ ಅಲ್ಲಿಂದ ವ್ಯಾನು ಬರುವುದೆಂದು ಗೊತ್ತಾಯಿತು. ದೀಪಶ್ರೀ ಫೋನಿನಲ್ಲೇ ಅತ್ತು, ಒಪ್ಪಿಕೊಂಡಿದ್ದಳು.

ಹಗಲಿನ ಚಿಕ್ಕಯ್ಯ ಬೇರೆಯೇ ಮನುಷ್ಯ. ಹೊನ್ನಕ್ಕ ಸೊಪ್ಪು ಬಿಡಿಸಲು ಕೂತರೆ ತಾವೂ ಒಂದು ಕಂತೆ ಎಳೆದುಕೊಳ್ಳುತ್ತಿದ್ದರು.

“ಟ್ರಂಕಿನ್ ಮ್ಯಾಲೆ ಬಿಳೀ ಪೇಂಟ್ನಲ್ಲಿ ನನ್ನೆಸ್ರು ಕಣವ್ವ. ಅರಸೀಕೆರೇಲಿ ರೈಲತ್ತುವಾಗ ನಮ್ಮವ್ವ ಅಳೇ ಸೀರೆ ತುಂಡ್ನಲ್ಲಿ ಉರಿಗಾಳು ಕಟ್ಕಂಡ್ ಬಂದಿದ್ಲು. ಎಲ್ಡ್ ದಿನಕ್ಕೇ ಮುಗ್ದೋದೋ. ಆಮೇಲೆ ಬಟ್ಟೆ ಮೂಸ್ಕಂಡು ಕೂತಿದ್ದೆ.”

“ಮನೇಲಿ ವಿಜಯಮ್ಮೋರು ಕಾಗ್ದ ಬರೀತಿದ್ರಾ?”

“ಬರೀದೆ ಏನು! ಮೂರೇ ಸಾಲು. ರಾಗಿ ಕುಯ್ದಾಯ್ತು, ಅಸ ಕರ ಆಕ್ತು, ನೀವ್ ಯಾವಾಗ್ ಬತ್ತೀರಿ. ಆ ಮೂರ್ ಸಾಲ ಬಂಕರ್ನಲ್ಲಿ ಕೂತ್ಕಂಡು ಅದೆಷ್ಟ್ ಸಲ ಓದಿದ್ನೋ. ಈಗ್ಲೂ ಕಣ್ಮುಚ್ಚುದ್ರೆ ಅವ್ಳ ಅಕ್ಷರ ಕಾಣ್ತದೆ.”

ಹೇಳುತ್ತಾ ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಇಂಥವರನ್ನು ಬೀಗದೊಳಗೆ ಹಾಕುವುದೇ ಎಂದು ಹೊನ್ನಕ್ಕ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬೆನ್ನಿಗೇ ಆ ಲಾರಿಯ ಸದ್ದೂ ನೆನಪಾಗುತ್ತಿತ್ತು.

ಶನಿವಾರ ಸಂಜೆ ಅಡುಗೆಗೆ ತೆಂಗಿನಕಾಯಿ ತಂದವನು ದಿಲೀಪ್. ಸೇನೆಯಲ್ಲಿ ಹದಿನೇಳು ವರ್ಷ ಇದ್ದು ಬಂದು, ಈಗ ಕಾಯಿ ಮಾರುಕಟ್ಟೆಯಲ್ಲಿ ಸೆಕ್ಯುರಿಟಿ ಕೆಲಸ ಮಾಡುವವನು. ದಿನವೂ ತರುವವನಿಗೆ ಜ್ವರವೆಂದು ಅವತ್ತು ತಾನೇ ಮೂಟೆ ಹೊತ್ತು ಬಂದಿದ್ದ. ಹೊನ್ನಕ್ಕ ಆಗತಾನೇ ಚಿಕ್ಕಯ್ಯನವರನ್ನು ಕೂರಿಸಿ ಟವೆಲು ಸುತ್ತತೊಡಗಿದ್ದಳು.

“ಸ್ಟ್ಯಾಂಡ್ ಟೂ,” ಎಂದರು ಚಿಕ್ಕಯ್ಯ.

ದಿಲೀಪನ ಹೆಗಲಿನ ಮೂಟೆ ದೊಪ್ಪನೆ ಕೆಳಗೆ ಬಿತ್ತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

“ಅಕ್ಕಾ, ಯಾಕಕ್ಕ ಅವ್ರನ್ನ ಕಟ್ಟಾಕ್ತಿದೀರಾ?”

“ದಿನಾ ಇದೇ ಗೋಳು ಕಣಪ್ಪ. ಕತ್ಲಾಯ್ತಿದ್ದಂಗೆ ಸ್ಟ್ಯಾಂಡಿಗೋಯ್ತೀನಿ ಅಂತರೆ. ಬಸ್ಸತ್ತಿ ಊರಿಗೋಗಕ್ಕೆ.”

“ಅಯ್ಯೋ, ಅದು ಬಸ್ ಸ್ಟ್ಯಾಂಡಲ್ಲ ಕಣಕ್ಕಾ! ಬಾರ್ಡರ್ನಲ್ಲಿ ಬೆಳಕರಿಯೋ ಒತ್ತು, ಕತ್ಲಾಗೋ ಒತ್ತು, ಎಲ್ಡೂ ಕೆಟ್ಟವು. ಶತ್ರು ಮ್ಯಾಲ್ ಬೀಳೋದು ಆಗ್ಲೇ. ಅದ್ಕೇ ಎಲ್ರೂ ಬೂಟಾಕ್ಕಂಡು, ರೈಫಲ್ ಇಡ್ಕಂಡು ಅವ್ರವ್ರ್ ಜಾಗ್ದಲ್ಲಿ ನಿಂತ್ಕಬೇಕು. ಆ ಆರ್ಡರಿಗೆ ಸ್ಟ್ಯಾಂಡ್ ಟೂ ಅಂತರೆ. ಸಾಯೇಬ್ರು ಸ್ಟ್ಯಾಂಡ್ ಡೌನ್ ಅನ್ನೋಗಂಟ ಒಬ್ರೂ ಕದ್ಲಂಗಿಲ್ಲ. ಇವ್ರು ಓಡೋಯ್ತಿಲ್ಲಕ್ಕ. ನಿಮ್ಮನ್ನೆಲ್ಲಾ ಕಾಯ್ತಾವ್ರೆ.”

ಹೊನ್ನಕ್ಕ ಟವೆಲನ್ನು ಬಿಡಿಸಿ ಬೆನ್ನ ಹಿಂದೆ ಮರೆಮಾಡಿಕೊಂಡಳು. ಈ ಹೊತ್ತಿನಲ್ಲಿ ತಾತ ಒಮ್ಮೆಯೂ ಸಾಲಗಾಮೆಯ ಹೆಸರು ಎತ್ತಿರಲಿಲ್ಲ. ಬಸ್ಸನ್ನೂ ಊರನ್ನೂ ಸೇರಿಸಿದವಳು ತಾನೇ. ಓಡಿಹೋಗುತ್ತಾರೆ ಎಂದು ನೀಲಾಂಬಿಕೆಗೆ ಹೇಳಿದವಳೂ ತಾನೇ. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಆಫೀಸಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನೀಲಾಂಬಿಕೆ ಹೊರಬಂದಳು. “ಕಾಯೋದೇ ಇರಬಹುದು ದಿಲೀಪ್. ಆದ್ರೆ ಲಾರಿಯವನಿಗೆ ಅದು ಗೊತ್ತಾಗುತ್ತಾ? ಏನಾದ್ರೂ ಆದ್ರೆ ದೀಪಶ್ರೀಗೆ ನಾನೇನು ಹೇಳ್ಲಿ? ಇನ್ನೂ ಹತ್ತು ಜನ ಇದಾರೆ, ನೋಡ್ಕೊಳ್ಳೋಕೆ ನಾವಿಬ್ರೇ.”

“ನೀವೇಳೋದೂ ನಿಜ ಮೇಡಂ. ಆದ್ರೆ ನೀವು ಜಾಗ ತೋರುಸ್ದಿದ್ರೆ ಅವ್ರೇ ಉಡಿಕ್ಕಂಡ್ ಓಯ್ತರೆ. ಗೇಟಿನ್ ಒಳಗೇ ಒಂದ್ ಜಾಗ ಕೊಡಿ. ಅರ್ಧ ಗಂಟೆ ಸಾಕು. ಆಮೇಲೆ ಸ್ಟ್ಯಾಂಡ್ ಡೌನ್ ಅನ್ನಿ. ಇಷ್ಟ್ ದಿನ ಯಾರೂ ಅಂದಿಲ್ವಲ್ಲ, ಪಾಪ ಎಂಗ್ ಕೂರ್ತಾರೆ?”

“ದಿನಾ ಅರ್ಧ ಗಂಟೆ ಅವರ ಜೊತೆ ಯಾರು ನಿಂತ್ಕೋತಾರೆ?”

“ನಾನ್ ನಿಂತ್ಕತೀನಿ,” ಎಂದಳು ಹೊನ್ನಕ್ಕ. “ಸಂಜೆ ಕೆಲ್ಸನೆಲ್ಲಾ ಮುಂಚೇನೇ ಮುಗುಸ್ಕತೀನಿ. ಕಟ್ಟಾಕಿದ್ ಪಾಪ ನಂದು. ಆ ವ್ಯಾನು ಬ್ಯಾಡಿ ಅಕ್ಕಾವ್ರೆ, ನಿಮ್ ದಮ್ಮಯ್ಯ.”

ನೀಲಾಂಬಿಕೆ ಗೇಟಿನವರೆಗೆ ಹೋಗಿ ಚಿಲಕ ಭದ್ರವಾಗಿದೆಯೇ ಎಂದು ಎಳೆದು ನೋಡಿದಳು. ಕೊನೆಗೆ, “ಇವತ್ತೊಂದಿನ ನೋಡೋಣ” ಎಂದಳು.

ಗೇಟಿನ ಒಳಗೆ, ಕಾಂಪೌಂಡಿನ ಮೂಲೆಯಲ್ಲಿ ದಾಸವಾಳದ ಗಿಡವಿತ್ತು. ದಿಲೀಪ್ ಚಿಕ್ಕಯ್ಯನವರನ್ನು ಅಲ್ಲಿಗೆ ಕರೆದೊಯ್ದು, “ನಿಮ್ ಪೋಸ್ಟು ಇದೇ ಸಾ” ಎಂದ. ಅವರು ಒಮ್ಮೆ ನೆಲ ನೋಡಿ, ಒಮ್ಮೆ ದಿಕ್ಕು ನೋಡಿ ನಿಂತುಬಿಟ್ಟರು. ಹೊನ್ನಕ್ಕ ಪಕ್ಕದಲ್ಲಿ ನಿಂತಳು.

“ನೀನ್ ಆ ಕಡೆ ನೋಡ್ಕ,” ಎಂದರು ಮೆಲ್ಲಗೆ. ಅವಳು ಆ ಕಡೆ ನೋಡಿದಳು. ಹೆದ್ದಾರಿಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಹೋದವು. ಚಿಕ್ಕಯ್ಯ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಅವಳ ಕಾಲು ನೋಯತೊಡಗಿತು. ಅವರು ಮಾತ್ರ ಅಲ್ಲಾಡಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ದಿಲೀಪ್ ನೀಲಾಂಬಿಕೆಯ ಕಡೆ ತಿರುಗಿದ. “ನೀವೇ ಏಳ್ಬೇಕು ಮೇಡಂ. ಇಲ್ಲಿ ಸಾಯೇಬ್ರು ನೀವು.”

ಅವಳಿಗೆ ಸಂಕೋಚವಾಯಿತು. ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದು, “ಸ್ಟ್ಯಾಂಡ್ ಡೌನ್” ಎಂದಳು.

ಚಿಕ್ಕಯ್ಯ ತಿರುಗಿದರು. ಆದರೂ ತಕ್ಷಣ ಜಾಗ ಬಿಡಲಿಲ್ಲ.

“ನಮ್ಮೋರೆಲ್ಲಾ ಅವ್ರಾ ಸಾ?”

ಯಾವ ಬಂಕರಿನ ಯಾವ ಹುಡುಗರನ್ನು ಅವರು ಕೇಳುತ್ತಿದ್ದರೋ ನೀಲಾಂಬಿಕೆಗೆ ಗೊತ್ತಿರಲಿಲ್ಲ. ಅವಳು ಹಜಾರದ ಕಡೆ ನೋಡಿದಳು. ಹತ್ತು ಮಂದಿಯೂ ಇವರತ್ತಲೇ ನೋಡುತ್ತಾ ಕೂತಿದ್ದರು.

“ಎಲ್ಲಾರೂ ಇದಾರೆ,” ಎಂದಳು.

ಅವರ ಹೆಗಲು ಸಡಿಲವಾಯಿತು. ಯಾರೂ ಕೈಹಿಡಿಯದೆ ಒಳಗೆ ನಡೆದು, ಬೂಟು ಬಿಚ್ಚಿ, ಎಲ್ಲರ ನಡುವೆ ಹೋಗಿ ಕೂತರು.

ನೀಲಾಂಬಿಕೆ ಆಫೀಸಿಗೆ ಹೋಗಿ ದೀಪಶ್ರೀಗೆ ಫೋನ್ ಮಾಡಿದಳು. “ಸೋಮವಾರ ವ್ಯಾನು ಬರಲ್ಲಮ್ಮ, ಬೇಡ ಅಂತ ಹೇಳ್ತೀನಿ. ನೀವೇ ಒಂದ್ಸಲ ಬನ್ನಿ. ಸಂಜೆ ಬಂದ್ರೆ ಮಾತ್ರ ಗೇಟಿನ ಹತ್ರ ಸ್ವಲ್ಪ ಕಾಯ್ಬೇಕಾಗುತ್ತೆ. ನಿಮ್ಮ ಮಾವ ಡ್ಯೂಟಿ ಮೇಲಿರ್ತಾರೆ.”