ಸತ್ತವರ ಮೇಲೆ ಬಿತ್ತಿದ ಜೋಳ

ಆ ಚಳಿಗಾಲದಲ್ಲಿ ಸತ್ತವರಿಗೆ ಕಲ್ಲು ನೆಡಲಿಲ್ಲ, ಮಣ್ಣಿನ ದಿಬ್ಬವನ್ನೂ ಉಳಿಸಲಿಲ್ಲ. ಅದು ಕ್ಯಾಪ್ಟನ್ ಪೆಂಡರನ ಕಟ್ಟಪ್ಪಣೆ. ಮಂಜು ಮುಸುಕಿದ ಬೆಳಗ್ಗೆ ಹೂಳಬೇಕು, ನೆಲ ತುಳಿದು ಸಮ ಮಾಡಬೇಕು, ಮೇಲೆ ಒಣ ಎಲೆ ಹರಡಬೇಕು, ಯಾರೂ ಗಟ್ಟಿಯಾಗಿ ಅಳಕೂಡದು. ಕಾಡಿನ ಜನ ಗೋರಿ ಎಣಿಸಿದರೆ ನಮ್ಮ ಬಲ ಕುಗ್ಗಿದ್ದು ತಿಳಿದು ಮೇಲೆ ಬೀಳುತ್ತಾರೆ ಎಂದು ಅವನ ಭಯ. ಹೊಸ ನೆಲ, ಹೊಸ ಬಾಳು ಎಂದು ಇಂಗ್ಲೆಂಡಿನಿಂದ ಸಮುದ್ರ ದಾಟಿ ಬಂದವರಲ್ಲಿ ಅರ್ಧದಷ್ಟು ಜನ ವಸಂತ ಬರುವ ಮೊದಲೇ ಬೇಲಿಯಾಚೆಯ ಇಳಿಜಾರಿನಲ್ಲಿ ಮಣ್ಣಾಗಿದ್ದರು.

ಅವಿಸಳ ಮಗಳು ಸಿಸ್ಲಿಯೂ ಅಲ್ಲೇ ಎಲ್ಲೋ ಇದ್ದಳು. ಎಲ್ಲೋ, ಅಷ್ಟೇ. ಗಂಡ ಹಡಗಿನಲ್ಲೇ ತೀರಿಕೊಂಡಿದ್ದ. ಮಗು ಹೋದಾಗ ಅವಿಸ್ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಮಗುವನ್ನು ಹೂಳಿದ ಇಬ್ಬರು ಗಂಡಸರೂ ಆಮೇಲೆ ಅದೇ ಇಳಿಜಾರು ಸೇರಿದರು. ಎದ್ದು ಓಡಾಡುವಂತಾದ ಮೇಲೆ ಅವಳು ಸಿಕ್ಕಿದವರನ್ನೆಲ್ಲ ಕೇಳಿದಳು.

"ಮಾರ್ಜರಮ್ಮ, ನೀವಾದ್ರೂ ನೋಡಿರ್ಬೇಕಲ್ಲ?"

"ಎಂಥಾ ಮಂಜು ಅಂತೀಯೇ ತಾಯಿ! ನನ್ ಕೈ ನನಗೇ ಕಾಣ್ತಿರ್ಲಿಲ್ಲ," ಎಂದಳು ಪಕ್ಕದ ಮನೆಯ ಮುದುಕಿ. "ಅಳ್ಬೇಡ ಕಣೇ. ಅತ್ರೆ ಆ ಪೆಂಡರು ಬಾಯಿಗೆ ಬಟ್ಟೆ ತುರುಕ್ತಾನೆ."

"ಅಳು ಬರ್ತಿಲ್ಲ."

ನಿಜವಾಗಿಯೂ ಬರುತ್ತಿರಲಿಲ್ಲ. ನೀರು ತರುತ್ತಿದ್ದಳು, ಗಂಜಿ ಕುಡಿಯುತ್ತಿದ್ದಳು, ಮಲಗುತ್ತಿದ್ದಳು. ಸಿಸ್ಲಿಯ ಬೂಟು ಇನ್ನೊಂದು ಮಗುವಿನ ಕಾಲಲ್ಲಿ ಕಂಡಾಗ, ದಾರ ಬಿಚ್ಚಿದೆ ಕಟ್ಕೋ ಎಂದು ಹೇಳಿ ಮುಂದೆ ಹೋದಳು. ಎದೆಯೊಳಗೆ ನೋವೂ ಇರಲಿಲ್ಲ. ಇದ್ದದ್ದು ಆ ಒಂದೇ ಪ್ರಶ್ನೆ.

ಹಿಮ ಕರಗಿದ ಮೇಲೆ ಪೆಂಡರ್ ಇಳಿಜಾರಿನಲ್ಲಿ ಮುಸುಕಿನ ಜೋಳ ಬಿತ್ತಲು ಹೇಳಿದ. ಹೊಲ ಕಂಡವರಿಗೆ ಗೋರಿಯ ಅನುಮಾನ ಬರುವುದಿಲ್ಲವಂತೆ! ಅವಿಸ್ ಅವನೆದುರು ನಿಂತಳು.

"ದೊರೆ, ಅಲ್ಲಿ ಬೇಡ. ನನ್ ಮಗು ಅದೆ ಅಲ್ಲಿ."

"ಎಲ್ಲಿ ಅಂತ ತೋರ್ಸಮ್ಮ. ಅಷ್ಟು ಜಾಗ ಬಿಡ್ತೀನಿ."

ತೋರಿಸಲಾಗಲಿಲ್ಲ. ಉಳಿದವರ ಜೊತೆ ಅವಳೂ ಸಾಲು ಹಿಡಿದು ಗುಣಿ ತೋಡಿ ಕಾಳು ಹಾಕಿದಳು. ಪ್ರತಿ ಗುಣಿಯಲ್ಲೂ ಗುದ್ದಲಿಯನ್ನು ಮೆಲ್ಲಗೆ ಇಳಿಸಿದಳು.

ಪೈರು ಮೊಣಕಾಲೆತ್ತರ ಬಂದಾಗ ಕಾಡಿನ ಜನರಲ್ಲೊಬ್ಬನಾದ ಮಟಾನೋಕ್ ಬಂದ. ಮೀನು ಹಿಡಿಯಲು ಬರುತ್ತಿದ್ದ ಹಡಗಿನವರ ಜೊತೆ ಓಡಾಡಿ ಇವರ ಮಾತು ಕಲಿತಿದ್ದ ಅವನು ತುಪ್ಪುಳದ ಚರ್ಮ ಕೊಟ್ಟು ಚಾಕು ಕೊಳ್ಳಲು ಬಂದಿದ್ದ. ಪೆಂಡರ್ ಎದೆ ಸೆಟೆಸಿದ.

"ನಮ್ ಜನ ಬೇಕಾದಷ್ಟಿದ್ದಾರೆ. ಎಲ್ಲಾ ಒಳಗೆ ಮಲಗಿದ್ದಾರೆ."

"ಮಲಗಿರೋದೇನೋ ನಿಜ. ಜೋಳದ ಕೆಳಗೆ," ಎಂದ ಮಟಾನೋಕ್. "ಎಲೆ ಉದುರೋ ಕಾಲದಲ್ಲಿ ಎಲ್ಲಾ ಮನೇಲೂ ಹೊಗೆ ಏಳ್ತಿತ್ತು. ಹಿಮ ಕರಗೋ ಹೊತ್ಗೆ ನಾಕೈದು ಮನೇಲಿ. ಅದನ್ನ ತಿಳ್ಕೊಳ್ಳೋಕೆ ಗೋರಿ ಯಾಕಪ್ಪ ಬೇಕು? ನಿಮ್ಮೋರ ಮೇಲೆ ನೀವೇ ಯಾಕೆ ಬಿತ್ತಿದ್ರಿ, ಅದು ಮಾತ್ರ ನಮಗೆ ತಿಳೀಲಿಲ್ಲ."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಕಥೆಯಾಯಿತು ಇದು. ಹಾಲಿನ ಬೆಲೆ ತೆತ್ತವರು ಮಾತ್ರ ಬೇರೆಯವರು. ಅವಿಸ್ ನೀರಿನ ಕೊಡ ಕೆಳಗಿಟ್ಟು ಹತ್ತಿರ ಬಂದಳು.

"ಹೂಳೋದನ್ನ ನೋಡ್ತಿದ್ರಾ ನೀವು?"

"ಹೂಂ. ಆ ಮರಗಳ ಹಿಂದಿಂದ."

"ಮಂಜಿರ್ತಿತ್ತಲ್ಲ?"

"ಮಂಜಿದ್ದಾಗ ಇನ್ನೂ ಹತ್ರ ಬರ್ತಿದ್ವಿ."

"ಒಂದು ಮಗು. ನನ್ ಕೆಂಪು ಶಾಲು ಸುತ್ತಿದ್ರಂತೆ."

ಅವನು ಅವಳ ಮುಖ ನೋಡಿದ. ಚರ್ಮದ ಕಟ್ಟನ್ನು ಅಲ್ಲೇ ಬಿಟ್ಟು ಇಳಿಜಾರಿಗಿಳಿದ. ಅವಳು ಹಿಂದೆಯೇ ನಡೆದಳು. ಸಾಲುಗಳ ನಡುವೆ ಒಂದೆಡೆ ಅವನು ನಿಂತ, ಮುಂದೆ ಕಾಲಿಡಲಿಲ್ಲ.

"ಇಲ್ಲಿ. ತಲೆ ಸಮುದ್ರದ ಕಡೆ."

ಅವಿಸ್ ಬಗ್ಗಿ ಒಂದು ಗಿಡ ಕಿತ್ತಳು. ಇನ್ನೊಂದು ಕಿತ್ತಳು.

"ಏಯ್, ಏನ್ ಮಾಡ್ತಿದ್ದೀಯಾ?" ಪೆಂಡರ್ ಮೇಲಿಂದ ಕೂಗಿದ. "ಅದು ಎಲ್ಲರ ಅನ್ನ! ಚಾಟಿ ಏಟು ಬೀಳುತ್ತೆ ನೋಡು!"

"ಹೊಡೀರಿ ದೊರೆ," ಎಂದಳು ಅವಳು, ದನಿ ಏರಿಸದೆ. "ನನಗೆ ಕೂತ್ಕೊಳ್ಳೋಕೆ ಜಾಗ ಬೇಕು."

ತೊಟ್ಟಿಲಿನಷ್ಟು ನೆಲ ಬರಿದಾದ ಮೇಲೆ ಅದರ ಪಕ್ಕ ಕೂತಳು. ಮಣ್ಣಿನ ಮೇಲೆ ಅಂಗೈ ಇಟ್ಟಳು. ಮಣ್ಣು ಬೆಚ್ಚಗಿತ್ತು. ಪೆಂಡರ್ ಚಾಟಿ ತರಲು ಕೂಗಿ ಹೇಳಿದ, ಯಾರೂ ಹೋಗಲಿಲ್ಲ.

ಮಾರ್ಜರಮ್ಮ ಕೋಲೂರಿಕೊಂಡು ಇಳಿಜಾರಿಗಿಳಿದು ಬಂದಳು. ಅವಳ ಹಿಂದೆ ಇನ್ನೂ ಕೆಲವರು ಇಳಿಯುತ್ತಿದ್ದರು. ಮುದುಕಿ ಅವಿಸಳನ್ನು ದಾಟಿ ಮಟಾನೋಕನ ಎದುರು ನಿಂತು ಏದುಸಿರು ಬಿಟ್ಟಳು.

"ಏನಪ್ಪಾ, ನಮ್ ಯಜಮಾನ್ರು... ಎತ್ತರದ ಆಳು, ಒಂದು ಕಾಲು ಸೊಟ್ಟ," ಎಂದಳು. "ಅವ್ರನ್ನ ಎಲ್ಲಿಟ್ರು, ನೋಡಿದ್ಯಾ?"