ಏರ್‌ಬ್ಯಾಗಿನ ಮೇಲೆ ಕೂತ ಬಸವಣ್ಣ

ನಮ್ಮ ಕಡೆ ಕಾರಿನ ಡ್ಯಾಶ್‌ಬೋರ್ಡ್ ಅಂದರೆ ಅರ್ಧ ದೇವರ ಜಗಲಿ. ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರು ಹತ್ತು ನಿಮಿಷ ನಿಂತು ನೋಡಿ, ಹೋಗಿಬರುವ ಗಾಡಿಗಳಲ್ಲಿ ಇಲ್ಲದ ದೇವರಿಲ್ಲ. ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಬಳಗಾನೂರಿನ ಶಿವಶರಣಪ್ಪನೂ ಹಾಗೇ ಕೇಳಿದ್ದ, ಅದೂ ಜೋರು ದನಿಯಲ್ಲಿ ಕೇಳಿದ್ದ. ಈಗ ಆ ಮಾತು ಬಂದರೆ ತಲೆ ತಗ್ಗಿಸುತ್ತಾನೆ.

ಶಿವಶರಣಪ್ಪನಿಗೆ ಊರಲ್ಲಿ ಗೊಬ್ಬರದ ಅಂಗಡಿ, ಕಾಲುವೆಯ ಕೆಳಗೆ ಆರೆಕರೆ ಭತ್ತದ ಗದ್ದೆ. ಮನೆಯಲ್ಲಿ ಹೆಂಡತಿ ಕಸ್ತೂರೆಮ್ಮ, ಮಗ ಚನ್ನು, ಸೊಸೆ ಅಶ್ವಿನಿ. ಕಸ್ತೂರೆಮ್ಮನ ಕೈಯ ಕೌದಿ ಎಂದರೆ ಸುತ್ತಲ ಹಳ್ಳಿಗೆಲ್ಲ ಹೆಸರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದಳು. ಅಶ್ವಿನಿಗೆ ಐದು ತಿಂಗಳಾದಾಗ ಬರುವ ಕೂಸಿಗೆಂದು ಒಂದು ಪುಟ್ಟ ಕೌದಿಗೆ ಕೈಹಚ್ಚಿದ್ದಳು.

ಅದಕ್ಕೂ ಒಂದು ವರ್ಷ ಮೊದಲು ಮನೆಗೆ ಕಾರು ಬಂದಿತ್ತು. ಹೊಸದಲ್ಲ. ಲಿಂಗಸುಗೂರಿನ ಗಂಗಾಧರ ಮಾಸ್ತರರು ಜೋಪಾನವಾಗಿ ಓಡಿಸಿದ ಫೋರ್ಡ್ ಗಾಡಿ. ಅಂಗಡಿಗೆ ಬಂದವರು ಸುಮ್ಮನಿರಲಿಲ್ಲ.

"ಆ ಕಂಪನಿ ನಮ್ಮ ದೇಶದಾಗ ಕಾರು ಮಾಡೋದು ಬಿಟ್ಟೈತಂತಲ್ರಿ. ಅದನ್ನ ಯಾಕ ತಗೊಂಡ್ರಿ?"

"ನೂರು ವರ್ಷ ದಾಟಿದ ಕಂಪನಿ ಅದು. ನಮ್ಮ ಮುತ್ಯಾ ಬಂಡಿ ಹೊಡಿಯಾಕತ್ತಿದ್ದಾಗ ಅಮೆರಿಕಾದಾಗ ಅವರು ಕಾರು ಮಾಡಾಕತ್ತಿದ್ರು. ಸರ್ವಿಸ್ ಇನ್ನೂ ಸಿಗತೈತಿ ಬಿಡ್ರಿ," ಎಂದು ಶಿವಶರಣಪ್ಪ ಮೀಸೆಯಡಿ ನಗುತ್ತಿದ್ದ.

ಕೀಲಿ ಕೊಡುವಾಗ ಗಂಗಾಧರ ಮಾಸ್ತರರು ಒಂದು ದಪ್ಪ ಪುಸ್ತಕವನ್ನೂ ಕೊಟ್ಟಿದ್ದರು. "ಗಾಡಿ ಹೆಂಗ ಬಳಸಬೇಕು ಅನ್ನೋದೆಲ್ಲ ಇದರಾಗ ಐತ್ರಿ. ಇಂಗ್ಲಿಷಿನ್ಯಾಗ ಐತಿ, ಆದ್ರ ಚಿತ್ರ ಅದಾವ. ನಿಮ್ಮ ಸೊಸಿ ಓದ್ಯಾಳಲ್ಲ, ಒಮ್ಮಿ ಓದಿಸಿ ಕೇಳ್ರಿ," ಎಂದಿದ್ದರು.

ಶಿವಶರಣಪ್ಪ ಪುಸ್ತಕವನ್ನು ಕಣ್ಣಿಗೊತ್ತಿಕೊಂಡ. ಮನೆಗೆ ತಂದು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟ. ಸೋಮವಾರಕ್ಕೊಮ್ಮೆ ಅದಕ್ಕೆ ವಿಭೂತಿ, ಹೂವು. ಆಯುಧ ಪೂಜೆಯ ದಿನ ಕುಂಕುಮ. ಪೂಜೆಗೆ ಒಂದು ವಾರವೂ ಕೊರತೆಯಾಗಲಿಲ್ಲ. ಬಿಚ್ಚಿ ಓದಿದ್ದು ಮಾತ್ರ ಒಂದು ದಿನವೂ ಇಲ್ಲ.

ಇನ್ನು ಬಸವಣ್ಣ. ಶಿವಶರಣಪ್ಪನ ತಂದೆ ಒಂದು ಮಾತು ಹೇಳುತ್ತಿದ್ದರು: "ಎತ್ತಿಲ್ಲದ ಬಂಡಿ ದಾರಿ ಕಾಣಂಗಿಲ್ಲ. ಗಾಡಿ ಯಾವುದರ ಇರಲಿ, ಮುಂದ ಬಸವಣ್ಣ ಇರಬೇಕು." ಟ್ರ್ಯಾಕ್ಟರು ಬಂದಾಗ ಅದರ ಮೂತಿಯ ಮೇಲೂ ಒಂದು ಹಿತ್ತಾಳೆಯ ಬಸವಣ್ಣನನ್ನು ಕೂರಿಸಿದ್ದರು. ಕಾರಿಗೆ ಮಾತ್ರ ಇಲ್ಲವೆಂದರೆ ಹೇಗೆ? ಮಸ್ಕಿಗೆ ಹೋದಾಗ ಮುಷ್ಟಿ ಗಾತ್ರದ ಗಟ್ಟಿ ಹಿತ್ತಾಳೆಯ ಬಸವಣ್ಣನನ್ನು ತಂದ. ತನ್ನೆದುರಿಗೆ ಇಟ್ಟರೆ ರಸ್ತೆ ಮರೆಯಾಗುತ್ತದೆ. ಎಡಗಡೆ ಡ್ಯಾಶ್‌ಬೋರ್ಡು ಸಪಾಟಾಗಿತ್ತು, ಅಲ್ಲಿ ಏನೋ ಇಂಗ್ಲಿಷ್ ಅಕ್ಷರಗಳು ಅಚ್ಚೊತ್ತಿದ್ದವು. ಗಟ್ಟಿ ಅಂಟು ಹಚ್ಚಿ ಸರಿಯಾಗಿ ಆ ಅಕ್ಷರಗಳ ಮೇಲೆಯೇ ಕೂರಿಸಿದ.

ಕಸ್ತೂರೆಮ್ಮನ ಸೀಟು ಅದರ ಎದುರಿಗೇ. "ಇಲ್ಲಿ ಕುಂತ್ರ ಗುಡಿಯಾಗ ಕುಂತಂಗ ಆಗತೈತ್ರಿ," ಎಂದು ಅವಳೂ ಕೈಮುಗಿದಳು.

ಆ ಬೇಸಿಗೆಯಲ್ಲಿ ಗಾಡಿಯ ಆಯಿಲ್ ಬದಲಿಸಲು ಶಿವಶರಣಪ್ಪ ಸಿಂಧನೂರಿನ ಶಕೀಲನ ಗ್ಯಾರೇಜಿಗೆ ಹೋದ. ಶಕೀಲ್ ಕೈ ಶುದ್ಧವಿರುವ ಮೇಸ್ತ್ರಿ, ಮಾತು ಕಡಿಮೆ. ಹತ್ತು ವರ್ಷದಿಂದ ಶಿವಶರಣಪ್ಪನ ಟ್ರ್ಯಾಕ್ಟರನ್ನೂ ಅವನೇ ನೋಡುತ್ತಿದ್ದ. ಕೆಲಸ ಮುಗಿಸಿ ಒಳಗೆ ಬಗ್ಗಿದವನು ಹಾಗೇ ನಿಂತ.

"ಸಾವ್ಕಾರ್ರೆ, ಒಂದು ಮಾತು. ಈ ಬಸವಣ್ಣನ್ನ ಇಲ್ಲಿಂದ ತಗೀರಿ."

"ಯಾಕ?"

"ಇದರ ಕೆಳಗ ಏರ್‌ಬ್ಯಾಗ್ ಐತ್ರಿ. ಈ ಅಕ್ಷರ ಅದನ್ನ ಹೇಳತಾವ. ಗಾಡಿ ಜೋರಾಗಿ ಬಡಿದ್ರ ಈ ಮುಚ್ಚಳ ಹರ್ಕೊಂಡು ಚೀಲ ಹೊರಗ ಬರತೈತಿ. ಮ್ಯಾಲೆ ಏನಿದ್ರೂ ಅದನ್ನ ಎದುರಿಗೆ ಕುಂತವರ ಮಾರಿಗೆ ಒಗಿತೈತಿ."

ಶಿವಶರಣಪ್ಪನಿಗೆ ಮುಚ್ಚಳದ ಮಾತು ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಒಂದೇ ಮಾತು: ಬಸವಣ್ಣನನ್ನು ತೆಗಿ. ಅದನ್ನು ಹೇಳಿದವನು ಶಕೀಲ್.

"ಏನಲೇ ಶಕೀಲಾ," ಎಂದ. ದನಿ ಏರಿತ್ತು. "ನಿಮ್ಮವರ ಗಾಡ್ಯಾಗ ದರ್ಗಾದ ಹಸಿರು ಬಟ್ಟಿ ತೂಗಾಡತೈತಿ. ಅದನ್ನ ತಗಿ ಅಂತ ನಾ ಯಾವತ್ತರ ಅಂದೀನೇನು? ನಮ್ಮ ದೇವರು ನಿನಗ್ಯಾಕ ಅಡ್ಡ ಬಂದಾನ?"

ಗ್ಯಾರೇಜಿನಲ್ಲಿದ್ದ ನಾಲ್ಕಾರು ಮಂದಿ ತಿರುಗಿ ನೋಡಿದರು. ಶಕೀಲನ ಮುಖ ಸಣ್ಣದಾಯಿತು. "ತಪ್ಪು ತಿಳ್ಕೋಬ್ಯಾಡ್ರಿ. ದೇವರಿಗೆ ಅಂದಿಲ್ಲ ನಾ, ಜಾಗಕ್ಕ ಅಂದೆ," ಎಂದಷ್ಟೇ ಹೇಳಿ, ಕೈ ಒರೆಸಿಕೊಳ್ಳುತ್ತ ಬೇರೆ ಗಾಡಿಯ ಕಡೆ ಹೋದ. ಆಮೇಲೆ ಶಿವಶರಣಪ್ಪ ಎರಡು ಸಲ ಬಂದುಹೋದ. ಶಕೀಲ್ ಮತ್ತೆ ಆ ಮಾತು ಎತ್ತಲಿಲ್ಲ.

ಸುಗ್ಗಿ ಬಂತು. ಮಸ್ಕಿಯಲ್ಲಿ ನೆಂಟರ ಹೊಸ ಮನೆಯ ಪ್ರವೇಶ. ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಹತ್ತಕ್ಕೆ ಹೊರಟರು. ದಂಡ ಹಾಕುತ್ತಾರೆಂಬ ಭಯಕ್ಕಾದರೂ ಇಬ್ಬರೂ ಸೀಟ್ ಬೆಲ್ಟ್ ಹಾಕಿಕೊಂಡಿದ್ದರು. ಅದೊಂದು ಪುಣ್ಯ. ದಾರಿಯುದ್ದಕ್ಕೂ ಅರ್ಧ ರಸ್ತೆಯ ಮೇಲೆ ಒಣಗಲು ಹರವಿದ ನೆಲ್ಲು, ಅಂಚಿಗೆ ಸಾಲು ಕಲ್ಲು. ಬೇರೆಯವರನ್ನು ಬಯ್ಯುವಂತೆಯೂ ಇರಲಿಲ್ಲ, ಹಿಂದಿನ ವಾರ ಶಿವಶರಣಪ್ಪನ ನೆಲ್ಲೂ ಅದೇ ರಸ್ತೆಯ ಮೇಲೆ ಒಣಗಿತ್ತು.

"ಸಾವಕಾಶ ಹೋಗ್ರಿ," ಎಂದಳು ಕಸ್ತೂರೆಮ್ಮ.

"ಮುಹೂರ್ತ ಮೀರತೈತಿ," ಎಂದ ಶಿವಶರಣಪ್ಪ.

ಎದುರಿನಿಂದ ಬಸ್ಸು ಬಂತು. ಇದ್ದ ಅರ್ಧ ರಸ್ತೆಯನ್ನು ಅದಕ್ಕೆ ಬಿಡಲೆಂದು ಮುಂದಿದ್ದ ಟ್ರ್ಯಾಕ್ಟರು ಗಕ್ಕನೆ ನಿಂತಿತು. ಶಿವಶರಣಪ್ಪ ಬ್ರೇಕ್ ತುಳಿದ. ಕಾರು ಜಾರಿ ಟ್ರೇಲರಿನ ಹಿಂಭಾಗಕ್ಕೆ ಬಡಿಯಿತು.

ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಎರಡು ಬಿಳಿ ಚೀಲಗಳು ಸಿಡಿದು ಉಬ್ಬಿದವು. ಅವನ ಎದೆ, ಮುಖ ದಿಂಬಿಗೆ ಒರಗಿದಂತೆ ಚೀಲಕ್ಕೆ ಒರಗಿ ಹಿಂದೆ ಬಂದವು. ಒಳಗೆಲ್ಲ ಬಿಳಿ ಧೂಳು. ಕೈಕಾಲು ಆಡಿಸಿ ನೋಡಿದ, ಏನೂ ಆಗಿರಲಿಲ್ಲ. ಉಳಿದೆವಲ್ಲ ಶಿವನೇ ಎಂದು ಪಕ್ಕಕ್ಕೆ ತಿರುಗಿದ.

ಕಸ್ತೂರೆಮ್ಮ ಎರಡೂ ಕೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವಳ ಮಡಿಲಲ್ಲಿ ಬಸವಣ್ಣ ಬಿದ್ದಿದ್ದ.

"ಯಾರು ಕಲ್ಲು ಒಗದ್ರು ರೀ?" ಎಂದು ಕೇಳಿದಳು. ಪಾಪ, ಅವಳಿಗೆ ತಿಳಿದಿರಲಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದರು. "ಬೆಲ್ಟ್ ಇಬ್ಬರೂ ಹಾಕಿದ್ದೀರಿ. ಏರ್‌ಬ್ಯಾಗ್ ಇಬ್ಬರಿಗೂ ತೆರೆದಿದೆ. ನಿಮಗೆ ಗೀರು ಗಾಯವಿಲ್ಲ. ಅವರ ಕಣ್ಣಿಗೆ ಮಾತ್ರ ಯಾಕೆ ಹೀಗಾಯಿತು? ಎದುರಿಗೆ ಗಟ್ಟಿ ವಸ್ತು ಏನಿತ್ತು?"

ಶಿವಶರಣಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. ಅವನ ಅಂಗಿಯ ಜೇಬಿನಲ್ಲೇ ಬಸವಣ್ಣ ಭಾರವಾಗಿ ಜೋತಾಡುತ್ತಿದ್ದ. ಕಸ್ತೂರೆಮ್ಮನ ಬಲಗಣ್ಣು ಉಳಿಯಲಿಲ್ಲ.

ಮನೆಗೆ ಬಂದ ದಿನ ಸಂಜೆ ಅಶ್ವಿನಿ ಜಗಲಿಯಿಂದ ಪುಸ್ತಕ ಇಳಿಸಿ ಕೆಂಪು ವಸ್ತ್ರ ಬಿಚ್ಚಿದಳು. ಹಾಳೆಗಳ ನಡುವೆ ಕುಂಕುಮ ಇಳಿದು ಅಂಟಿಕೊಂಡಿತ್ತು. ಹುಡುಕಲು ಬಹಳ ಹೊತ್ತೇನೂ ಬೇಕಾಗಲಿಲ್ಲ.

"ಮಾವಾರ, ಇಲ್ಲಿ ನೋಡ್ರಿ. ಏರ್‌ಬ್ಯಾಗಿನ ಮುಚ್ಚಳದ ಮ್ಯಾಲೆ ಏನೂ ಇಡಬಾರದು, ಏನೂ ಅಂಟಿಸಬಾರದು ಅಂತ ಐತಿ."

ಶಿವಶರಣಪ್ಪ ಆ ಹಾಳೆಯ ಮೇಲೆ ಕೈಯಾಡಿಸಿದ. ವರ್ಷಕ್ಕೂ ಹೆಚ್ಚು ಕಾಲ ಈ ಮಾತು ತನ್ನ ಮನೆಯಲ್ಲೇ, ತಾನು ದಿನಾ ಕೈಮುಗಿಯುವ ಜಾಗದಲ್ಲೇ ಇತ್ತು. ಮಾಸ್ತರರು ಹೇಳಿದ್ದರು, ಶಕೀಲ್ ಹೇಳಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಸೊಸೆಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ.

"ನಾ ಇನ್ನ ಆ ಬಸವಣ್ಣನ ಮಾರಿ ನೋಡಂಗಿಲ್ಲ ಕಸ್ತೂರಿ," ಎಂದ.

ಮಂಚದ ಮೇಲಿದ್ದ ಕಸ್ತೂರೆಮ್ಮ ಅಂದಳು: "ಬಸವಣ್ಣಂದೇನು ತಪ್ಪೈತ್ರಿ? ಕುಂದ್ರಿಸಿದಲ್ಲಿ ಕುಂತಾನ. ಕುಂದ್ರಿಸಿದವರು ನಾವು." ನೀವು ಅನ್ನಲಿಲ್ಲ ಅವಳು, ನಾವು ಅಂದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಅವನು ಸಿಂಧನೂರಿಗೆ ಬಸ್ಸಿನಲ್ಲಿ ಹೋದ. ಗ್ಯಾರೇಜಿನಲ್ಲಿ ಅವತ್ತಿನಂತೆಯೇ ನಾಲ್ಕಾರು ಮಂದಿ ಇದ್ದರು. ಎಲ್ಲರ ಮುಂದೆ ಬೈದ ಮೇಲೆ ಕ್ಷಮೆಯನ್ನು ಮೂಲೆಯಲ್ಲಿ ಕೇಳಿದರೆ ಹೇಗೆ?

"ಶಕೀಲಾ, ನೀ ನನ್ನ ಹೆಂಡ್ತಿ ಕಣ್ಣಿನ ಮಾತು ಆಡಿದ್ದಿ. ನಾ ಅದನ್ನ ಧರ್ಮದ ಮಾತು ಮಾಡಿದೆ. ತಪ್ಪಾತು ನಂದು."

ಶಕೀಲ್ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ನಂದೂ ತಪ್ಪೈತ್ರಿ ಸಾವ್ಕಾರ್ರೆ. ಒಮ್ಮಿ ಹೇಳಿ ಸುಮ್ಮಗಾದೆ. ನಿಮ್ಮ ಬ್ರೇಕ್ ಹೋಗಿದ್ರ ಹಂಗ ಬಿಡ್ತಿದ್ನೇನು? ಮನಿಗೆ ಬಂದು ಕಸ್ತೂರೆಮ್ಮಾರಿಗರ ಹೇಳಬೇಕಿತ್ತು. ಈ ಮಂದಿ ಏನಂತಾರೋ ಅಂತ ಅಂಜಿದೆ," ಎಂದ. ಅವನ ಕಣ್ಣೂ ತುಂಬಿತ್ತು.

ಆಮೇಲೆ ಗಾಡಿಯ ಮಾತು ಬಂತು. ಹರಿದ ಮುಚ್ಚಳಕ್ಕೆ ಅಂಟು ಹಾಕಿ ಕೂರಿಸಿದರೆ ಆಗದೇ ಎಂದು ಚನ್ನು ಮನೆಯಲ್ಲಿ ಕೇಳಿದ್ದ. ಶಿವಶರಣಪ್ಪ ಅದನ್ನೇ ಕೇಳಿದಾಗ ಶಕೀಲ್ ತಲೆ ಅಲ್ಲಾಡಿಸಿದ.

"ಒಮ್ಮಿ ತೆರೆದ ಏರ್‌ಬ್ಯಾಗ್ ಮತ್ತ ಬರಂಗಿಲ್ರಿ. ಹೊಸಾದು ಹಾಕಬೇಕು, ಅದೂ ಕಂಪನಿ ಸರ್ವಿಸ್ ಸೆಂಟರಿನ್ಯಾಗ. ನನ್ನ ಕೈ ಕೆಲಸ ಅಲ್ಲ ಅದು. ಗಾಡಿ ಚಾಲು ಮಾಡಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಆರಬೇಕು. ಆರದ ಹಂಗ ಉಳಿತಂದ್ರ ಏನೋ ಕೆಟ್ಟೈತಿ ಅಂತ ಅರ್ಥ, ತೋರಿಸಬೇಕು. ಮತ್ತ ಬೆಲ್ಟ್ ಇಲ್ದ ಏರ್‌ಬ್ಯಾಗ್ ನಂಬಬ್ಯಾಡ್ರಿ. ಎರಡೂ ಜೋಡಿ ಇದ್ರನ ಕೆಲಸ."

ಅಶ್ವಿನಿ ಲಿಂಗಸುಗೂರಿನ ತವರಲ್ಲಿ ಹೆತ್ತಳು, ಹೆಣ್ಣು ಕೂಸು. ಮೂರು ತಿಂಗಳಿಗೆ ಕರೆತರಲು ಹೊಸ ಏರ್‌ಬ್ಯಾಗ್ ಹಾಕಿಸಿದ ಕಾರು ಹೋಯಿತು. ಚನ್ನು ಮುಂದಿನ ಬಾಗಿಲು ತೆರೆದು, "ಕೂಸಿನ್ನ ತೊಡಿ ಮ್ಯಾಲೆ ಇಟ್ಕೊಂಡು ಮುಂದ ಕುಂದ್ರು," ಎಂದ.

"ಬ್ಯಾಡ," ಎಂದ ಶಿವಶರಣಪ್ಪ. "ಆ ಚೀಲ ದೊಡ್ಡವರಿಗೆ ಮಾಡಿದ್ದು. ಕೂಸಿನ ಕುತ್ತಿಗಿ ಅದರ ಹೊಡತ ತಾಳಂಗಿಲ್ಲ. ಪುಸ್ತಕದಾಗ ಐತಿ, ನಿನ್ನ ಹೆಂಡ್ತೀನ ಓದಿ ಹೇಳ್ಯಾಳ." ಕೂಸಿಗೆಂದು ತಂದ ಪುಟ್ಟ ಸೀಟನ್ನು ಹಿಂಬದಿಯಲ್ಲಿ, ಮಗುವಿನ ಮುಖ ಗಾಡಿಯ ಹಿಂದಕ್ಕಿರುವಂತೆ ಕಟ್ಟಿಸಿದ. ಅಶ್ವಿನಿ ಪಕ್ಕದಲ್ಲಿ ಬೆಲ್ಟ್ ಹಾಕಿ ಕುಳಿತಳು.

ಈಗ ಆ ಮನೆಯಲ್ಲಿ ಬಸವಣ್ಣ ದೇವರ ಜಗಲಿಯ ಮೇಲಿದ್ದಾನೆ. ಪುಸ್ತಕ ಗಾಡಿಯೊಳಗಿದೆ. ಮೊದಲಿನಿಂದಲೂ ಹೀಗೇ ಇರಬೇಕಿತ್ತು.

ಕೂಸಿನ ಕೌದಿ ಇನ್ನೂ ಮುಗಿದಿಲ್ಲ. ಒಂದೇ ಕಣ್ಣಿಗೆ ಹತ್ತಿರ ಯಾವುದು, ದೂರ ಯಾವುದು ತಿಳಿಯುವುದಿಲ್ಲ. ಕಸ್ತೂರೆಮ್ಮ ದಾರ ಹಿಡಿದು ಮುಂದೆ ಚಾಚಿದರೆ ಅದು ಸೂಜಿಯ ಪಕ್ಕ ಹಾದುಹೋಗುತ್ತದೆ. ಹೊಲಿಗೆಯೂ ಈಗ ಮೊದಲಿನಂತೆ ಸಣ್ಣದಿಲ್ಲ. ಶಿವಶರಣಪ್ಪ ದಿನಾ ಅಂಗಡಿಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾನೆ. ಸಾಯಂಕಾಲ ಬಂದು ಖಾಲಿಯಾದವಕ್ಕೆ ಮತ್ತೆ ಪೋಣಿಸುತ್ತಾನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕಾರಿದ್ದರೆ ಈಗಲೇ ಎದ್ದು ಹೋಗಿ ಡ್ಯಾಶ್‌ಬೋರ್ಡ್ ನೋಡಿ. ಏರ್‌ಬ್ಯಾಗಿನ ಅಕ್ಷರ ಇರುವಲ್ಲಿ ದೇವರಿರಲಿ, ಗೊಂಬೆಯಿರಲಿ, ಫೋನಿನ ಸ್ಟ್ಯಾಂಡೇ ಇರಲಿ, ತೆಗೆದುಬಿಡಿ. ದೇವರಿಗೆ ನಮ್ಮ ಮನೆಗಳಲ್ಲಿ ಜಾಗಕ್ಕೇನು ಬರವಿಲ್ಲ. ಗಾಡಿಯ ಪುಸ್ತಕ ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ತಿಳಿದವರು ಒಮ್ಮೆ ಹೇಳಿ ಸುಮ್ಮನಾಗಬೇಡಿ, ಮನೆಯವರಿಗೂ ಹೇಳಿ. ಹೇಳುವವನು ಯಾರವನು ಎಂದು ನೋಡಬೇಡಿ, ಏನು ಹೇಳಿದ ಎಂದು ಕೇಳಿ.

ಶಿವಶರಣಪ್ಪ ಈ ಹೊತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಕುಳಿತಿರುತ್ತಾನೆ. ಆ ಕೆಲಸ ನಿಮ್ಮ ಪಾಲಿಗೆ ಬಾರದಿರಲಿ.